ಜೇಡದ ಹೆಸರಿಗಿಂತ ಮೊದಲು ಅದರ ವಿಳಾಸ ಕೇಳಿ

ಪ್ರಶ್ನೆ: ಸರ್, ನಮ್ಮದು ದಾವಣಗೆರೆ ವಿದ್ಯಾನಗರದ ಕಡೆ ಹಳೇ ಮನೆ. ಹಿಂದೆ ಪುಟ್ಟ ಹಿತ್ತಲಿದೆ. ಕರಿಬೇವು, ದಾಸವಾಳ, ಒಂದು ಮಾವು, ಒಂದು ತೆಂಗು. ಮಳೆ ಹಿಡಿದ ಮೇಲೆ ಎಲ್ಲಿ ನೋಡಿದರೂ ಜೇಡ. ಮೂಲೆಯಲ್ಲಿ ದಾರದಂಥ ಕಾಲಿನವು, ಟಿವಿ ಗೋಡೆ ಮೇಲೆ ನೆಗೆಯುವವು, ಬಚ್ಚಲಲ್ಲಿ ಅಂಗೈಯಗಲದ ಒಂದು. ಅದು ಎದೆಗೆ ಬಿಳಿ ಬಿಲ್ಲೆ ಅವಚಿಕೊಂಡೇ ಓಡಾಡುತ್ತದೆ. ದಾಸವಾಳದ ಹತ್ತಿರ ಬಲೆಯ ಮೇಲೆ ಇಂಗ್ಲಿಷ್ ಎಕ್ಸ್ ಬರೆದಂತೆ ಇರುವುದೊಂದು. ಏಳನೇ ಕ್ಲಾಸಿನ ಮಗಳಿಗೆ ಇವನ್ನೆಲ್ಲ ನೋಡುವ ಹುಚ್ಚು, ನೋಟ್‌ಬುಕ್ ಬೇರೆ ಇಟ್ಟಿದ್ದಾಳೆ. ಆದರೆ ಹೋದ ವಾರ ಅವಳ ಕುತ್ತಿಗೆ ಮೇಲೆ ಗೆರೆ ಎಳೆದ ಹಾಗೆ ಉರಿಯುವ ಗುಳ್ಳೆ ಎದ್ದವು. ನಮ್ಮತ್ತೆ "ಜ್ಯಾಡ ಉಚ್ಚಿ ಹೊಯ್ದೈತಿ, ಎಲ್ಲಾ ಹೊಡದು ಹಾಕ್ರಿ" ಅಂತಾರೆ. ಔಷಧಿ ಹೊಡೆಸಬೇಕಾ? ಇವುಗಳಲ್ಲಿ ವಿಷದ್ದು ಯಾವುದು? ಮಗಳು ನೋಡಬಹುದು ಅಂತಾದರೆ ಹೇಗೆ ನೋಡಬೇಕು?

ಉತ್ತರ: ಮೊದಲು ಗುಳ್ಳೆಯ ವಿಚಾರ ಮುಗಿಸೋಣ. ಅದು ಇತ್ಯರ್ಥ ಆಗದೆ ನಿಮ್ಮ ಅತ್ತೆಯವರು ಕಸಬರಿಗೆ ಕೆಳಗಿಡುವುದಿಲ್ಲ.

ಜೇಡ ನಮ್ಮ ಹಾಗೆ ಉಚ್ಚೆ ಹೊಯ್ಯುವ ಪ್ರಾಣಿಯಲ್ಲ. ನೀರಿನ ವಿಷಯದಲ್ಲಿ ಅದು ಮಹಾ ಜಿಪುಣ. ಮೈಯೊಳಗಿನ ಕಸವನ್ನು ಬಹುಪಾಲು ಗ್ವಾನಿನ್ ಎಂಬ ಬಿಳಿ ಪದಾರ್ಥವಾಗಿ ಮಾಡಿ ಸುಣ್ಣದ ಹನಿಯಂತೆ ಕೆಳಗೆ ಬೀಳಿಸುತ್ತದೆ. ನಿಮ್ಮ ಮೂಲೆಯ ಬಲೆಯ ನೇರ ಕೆಳಗೆ ನೆಲ ನೋಡಿ, ಬಿಳಿ-ಬೂದು ಚುಕ್ಕೆಗಳಿರುತ್ತವೆ. ಜೇಡದ ಉಚ್ಚೆ ಅಂತ ಏನಾದರೂ ಇದ್ದರೆ ಅದೇ. ಮೈಮೇಲೆ ಬಿದ್ದರೂ ಚರ್ಮ ಸುಡುವುದಿಲ್ಲ.

ಸುಡುವ ಹುಳ ಬೇರೆ ಇದೆ. ಪೆಡೆರಸ್ ಎಂಬ ಗುಂಪಿಗೆ ಸೇರಿದ ಪುಟ್ಟ ದುಂಬಿ, ಒಂದು ಸೆಂಟಿಮೀಟರೂ ಉದ್ದವಿಲ್ಲ. ನೋಡಿದರೆ ದುಂಬಿ ಅನ್ನಿಸುವುದೇ ಇಲ್ಲ, ಉದ್ದನೆಯ ಇರುವೆಯಂತೆ ಇರುತ್ತದೆ. ತಲೆ ಕಪ್ಪು, ಎದೆ ಕಿತ್ತಳೆ, ನಡುವೆ ನೀಲಿ-ಹಸಿರಾಗಿ ಹೊಳೆಯುವ ಮೋಟು ರೆಕ್ಕೆ, ಮತ್ತೆ ಕಿತ್ತಳೆ, ಬಾಲದ ತುದಿ ಕಪ್ಪು. ಭತ್ತದ ಗದ್ದೆಯಲ್ಲಿ ಇದು ಜಿಗಿಹುಳು ತಿಂದು ರೈತನಿಗೆ ಉಪಕಾರ ಮಾಡುತ್ತದೆ. ಭದ್ರಾ ನಾಲೆಯ ಗದ್ದೆಗಳು ಊರಿನ ಅಂಚಿನವರೆಗೂ ಬಂದಿರುವ ದಾವಣಗೆರೆಯಲ್ಲಿ ಮಳೆಗಾಲದ ರಾತ್ರಿ ಟ್ಯೂಬ್‌ಲೈಟಿಗೆ ಅದು ಹಾರಿ ಬರುವುದು ಸಹಜ. ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಮೈಮೇಲೆ ಹರಿದಾಗ ನಾವೇ ಉಜ್ಜಿ ಸಾಯಿಸುತ್ತೇವೆ; ಆಗ ಅದರ ಮೈಯೊಳಗಿನ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ಬಳಿದುಕೊಳ್ಳುತ್ತದೆ. ಉರಿ ಅವತ್ತೇ ಬರುವುದಿಲ್ಲ, ಒಂದು ದಿನ ಕಳೆದೋ ಎರಡು ದಿನ ಕಳೆದೋ ಬರುತ್ತದೆ. ಅಷ್ಟರಲ್ಲಿ ಹುಳದ ನೆನಪು ಯಾರಿಗೂ ಇರುವುದಿಲ್ಲ. ತಲೆ ಎತ್ತಿದರೆ ಮೂಲೆಯಲ್ಲಿ ಜೇಡ ಕೂತಿರುತ್ತದೆ, ಅಪವಾದ ಅದರ ತಲೆಗೆ.

ನನಗೇ ಆಗಿದೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ಕಾಲ. ರಾತ್ರಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ, ಕುತ್ತಿಗೆ ಮೇಲೆ ಏನೋ ಹರಿಯಿತು, ಕೆಂಪು ಪೆನ್ನು ಹಿಡಿದ ಕೈಯಲ್ಲೇ ಉಜ್ಜಿದೆ. ಮೂರನೇ ದಿನಕ್ಕೆ ಚಾಟಿಯಲ್ಲಿ ಹೊಡೆದ ಹಾಗೆ ಗೆರೆ ಎದ್ದಿತ್ತು. ಮನೆಯಲ್ಲಿ ಜೇಡವೇ ಎಂದು ತೀರ್ಪಾಗಿ ಕೆಮ್ಮಣ್ಣು ಹಚ್ಚಿದರು, ಹಚ್ಚಿಸಿಕೊಂಡೆ. ಮಣ್ಣಿನಿಂದ ಏನೂ ಆಗಲಿಲ್ಲ, ವಾರ ಕಳೆದ ಮೇಲೆ ತಾನಾಗಿ ಒಣಗಿತು. ಈಗ ಕೇಳಿದರೆ ಹೀಗೆ ಹೇಳುತ್ತೇನೆ: ಅಂಥ ಹುಳ ಮೈಮೇಲೆ ಕಂಡರೆ ಊದಿ ಹಾರಿಸಿ. ಉಜ್ಜಿಯೇ ಬಿಟ್ಟಿದ್ದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಮೊಣಕೈ ಮಡಚುವ ಜಾಗದಲ್ಲಾದರೆ ಗುಳ್ಳೆ ಎರಡೂ ಕಡೆ ಅಚ್ಚೊತ್ತಿದಂತೆ ಜೋಡಿಯಾಗಿ ಏಳುತ್ತದೆ. ಈ ಹುಳವೇ ಎನ್ನುವುದಕ್ಕೆ ಅದೊಂದು ಒಳ್ಳೆಯ ಗುರುತು. ನಿಮ್ಮ ಮಗಳ ಕುತ್ತಿಗೆ ನೋಡದೆ ನಾನು ಆಣೆ ಮಾಡಿ ಹೇಳಲಾರೆ, ಆದರೆ ಮಳೆಗಾಲ, ಕುತ್ತಿಗೆ, ಗೆರೆ ಈ ಮೂರೂ ಸೇರಿದರೆ ನನ್ನ ಅನುಮಾನ ಇದರ ಮೇಲೆಯೇ. ಗುಳ್ಳೆ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಹಬ್ಬುತ್ತಿದ್ದು ಒಳಗಿನಿಂದ ಸೆಳೆತ, ನೋವು ಇದ್ದರೆ ಅದು ಸರ್ಪಸುತ್ತು ಇರಬಹುದು. ಅದಕ್ಕೆ ಹಾವೂ ಕಾರಣವಲ್ಲ, ಜೇಡವೂ ಅಲ್ಲ. ಸಿಡುಬಿನಂತೆ ಕಾಣುವ ಚಿಕನ್‌ಪಾಕ್ಸ್‌ನ ವೈರಸ್. ಗುಳ್ಳೆ ಎದ್ದ 3 ದಿನದೊಳಗೆ ಡಾಕ್ಟರು ಔಷಧಿ ಶುರು ಮಾಡಿದರೆ ಒಳ್ಳೆಯದು. ಕಣ್ಣಿನ ಹತ್ತಿರ ಯಾವ ಗುಳ್ಳೆ ಎದ್ದರೂ ಕಾಯಬೇಡಿ.

ಇನ್ನು ಜೇಡಕ್ಕೆ ಬರೋಣ.

ಪತ್ರ ಬರೆಯುವವರೆಲ್ಲ ಫೋಟೊ ಕಳಿಸಿ "ಇದರ ಹೆಸರೇನು" ಅಂತಲೇ ಕೇಳುತ್ತಾರೆ. ಜಗತ್ತಿನಲ್ಲಿ ಈಗಾಗಲೇ ಹೆಸರಿಟ್ಟ ಜೇಡಗಳೇ 50,000ಕ್ಕಿಂತ ಹೆಚ್ಚು. ಎಷ್ಟೋ ಜಾತಿಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಜನನಾಂಗ ನೋಡದೆ ತಜ್ಞರೂ ಖಚಿತವಾಗಿ ಹೇಳಲಾರರು. ಆದ್ದರಿಂದ ನಾನು ತಿರುಗಿ ಕೇಳುವುದು ವಿಳಾಸವನ್ನು. ಎಲ್ಲಿತ್ತು, ಎಷ್ಟು ಎತ್ತರದಲ್ಲಿತ್ತು, ಎಷ್ಟು ಹೊತ್ತಿಗೆ, ಬಲೆ ಇತ್ತೋ ಇಲ್ಲವೋ. ನಿಮ್ಮ ಪತ್ರದಲ್ಲಿ ಒಂದು ಫೋಟೊವೂ ಇಲ್ಲ, ಆದರೂ ನಾಲ್ಕೂ ಜೇಡಗಳು ಯಾವ ಮನೆತನದವು ಎಂದು ಹೇಳಬಲ್ಲೆ, ಯಾಕೆಂದರೆ ನೀವು ವಿಳಾಸ ಬರೆದಿದ್ದೀರಿ. ನಿಮ್ಮ ಮಗಳ ನೋಟ್‌ಬುಕ್ಕಿನಲ್ಲಿ ಮೊದಲ ಕಾಲಂ ಹೆಸರಿನದಾಗಿದ್ದರೆ ಅದನ್ನು ಕೊನೆಗೆ ತಳ್ಳಲು ಹೇಳಿ.

ನಮ್ಮ ಭಾಷೆಯ ಹೆಸರೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಜೇಡ ಅಂದರೆ ನೇಕಾರ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ ಮಾತು. ಹಾಗಾಗಿ ಎಲ್ಲ ಜೇಡವೂ ಬಲೆ ನೇಯ್ದು ಕೂರುತ್ತದೆ ಅಂದುಕೊಳ್ಳುತ್ತೇವೆ. ನೂಲು ಎಲ್ಲದರ ಹತ್ತಿರವೂ ಇದೆ, ನಿಜ. ಆದರೆ ಬೇಟೆಗೆ ಬಲೆ ಕಟ್ಟದೆ ಓಡಿ ಹಿಡಿಯುವವು, ನೆಗೆದು ಹಿಡಿಯುವವು, ಹೂವಿನಲ್ಲಿ ಹೊಂಚು ಹಾಕುವವು ಅರ್ಧದಷ್ಟಿವೆ. ನಿಮ್ಮ ಬಚ್ಚಲಿನದೂ ಟಿವಿ ಗೋಡೆಯದೂ ಆ ಪೈಕಿ.

ಬಚ್ಚಲಿನದು ಹೆಟೆರೊಪೋಡಾ ವೆನಟೋರಿಯಾ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1767ರಲ್ಲೇ ಇಟ್ಟ ಹೆಸರಿನಲ್ಲಿ 'ಬೇಟೆಗಾರ' ಎಂಬ ಅರ್ಥ ಇದೆ. ಹಡಗಿನ ಸರಕಿನ ಜತೆ, ಬಾಳೆಗೊನೆಯ ಜತೆ ಉಷ್ಣವಲಯದ ಊರೂರಿಗೆ ಹಬ್ಬಿದ ಜೇಡ ಇದು. ಮೈ ಹಂಚಿನ ಸಂದಿಗೂ ತೂರುವಷ್ಟು ಚಪ್ಪಟೆ, ಕಾಲುಗಳು ಏಡಿಯಂತೆ ಪಕ್ಕಕ್ಕೆ ಚಾಚಿರುತ್ತವೆ. ಹಗಲು ಗೀಸರಿನ ಹಿಂದೆಯೋ ಬಾಗಿಲ ಚೌಕಟ್ಟಿನ ಸಂದಿಯಲ್ಲೋ ಅಡಗಿದ್ದು, ರಾತ್ರಿ ಜಿರಳೆ ಹುಡುಕುತ್ತಾ ಹೊರಡುತ್ತದೆ. ಎದೆಗೆ ಅವಚಿಕೊಂಡ ಬಿಳಿ ಬಿಲ್ಲೆ ಅದರ ಮೊಟ್ಟೆಚೀಲ, ಹಾಗಾಗಿ ಅದು ಹೆಣ್ಣು. ಚೀಲವನ್ನು ಎಲ್ಲೂ ಅಂಟಿಸಿ ಹೋಗದೆ ವಾರಗಟ್ಟಲೆ ಹೊತ್ತೇ ತಿರುಗುತ್ತದೆ. ಒಳಗೆ ನೂರಕ್ಕೂ ಹೆಚ್ಚು ಮೊಟ್ಟೆ ಇರುತ್ತವೆ. ಹಿಡಿದು ಹಿಸುಕಿದರೆ ಕಚ್ಚೀತು, ನೋವೂ ಆದೀತು; ತಾನಾಗಿ ಬಂದು ಕಚ್ಚುವ ಜೇಡ ಇದಲ್ಲ. ಓಡಿಸಲೇಬೇಕು ಅಂತಿದ್ದರೆ ಅಗಲ ಬಾಯಿಯ ಡಬ್ಬಿ ಮುಚ್ಚಿ, ಅಡಿಗೆ ಕ್ಯಾಲೆಂಡರಿನ ರಟ್ಟು ತೂರಿಸಿ, ಹಿತ್ತಲಿಗೆ ಬಿಡಿ. ನಾನಾದರೆ ಓಡಿಸುವುದಿಲ್ಲ. ಜಿರಳೆಗೆ ಹಾಕುವ ಚಾಕ್‌ಪೀಸಿಗಿಂತ ಇದು ವಾಸಿ.

ಮೂಲೆಯ ದಾರಗಾಲಿನವು ಫೋಲ್ಸಿಡೇ ಕುಟುಂಬದವು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಕ್ರಾಸೊಪ್ರೈಝಾ ಲಿಯೋನಿಯ ಹೊಟ್ಟೆ ಪಕ್ಕದಿಂದ ನೋಡಿದರೆ ಮೂಲೆ ಮೂಲೆಯಾಗಿ, ಹಿಂತುದಿ ಚೂಪಾಗಿ ಇರುತ್ತದೆ. ಬಲೆಗೆ ಮೆಲ್ಲಗೆ ಉಸಿರು ಬಿಟ್ಟು ನೋಡಿ. ಜೇಡ ಇದ್ದಲ್ಲೇ ಎಷ್ಟು ಜೋರಾಗಿ ಗಿರಗಿರ ತೂಗುತ್ತದೆ ಎಂದರೆ ಅದರ ಆಕಾರವೇ ಮಸುಕಾಗಿಬಿಡುತ್ತದೆ, ಹಲ್ಲಿ ಬಾಯಿ ಹಾಕುವುದಾದರೂ ಎಲ್ಲಿಗೆ? ಇದರ ತಾಯಿಯೂ ಮೊಟ್ಟೆ ಹೊರುತ್ತದೆ, ಆದರೆ ಚೀಲ ಮಾಡುವ ಗೋಜಿಗೆ ಹೋಗುವುದಿಲ್ಲ. ನಾಲ್ಕು ಎಳೆ ನೂಲು ಸುತ್ತಿ ಬಾಯಲ್ಲೇ ಕಚ್ಚಿಕೊಂಡಿರುತ್ತದೆ, ಥೇಟ್ ಬಿಳಿ ಎಳ್ಳುಂಡೆ. ಕೈಬತ್ತಿ ಹಿಡಿದರೆ ಒಂದೊಂದು ಮೊಟ್ಟೆಯನ್ನೂ ಎಣಿಸಬಹುದು. ಥಾಯ್ಲೆಂಡಿನ ಮನೆಗಳಲ್ಲಿ ಇದೇ ಜೇಡ ಡೆಂಗಿ ಹರಡುವ ಸೊಳ್ಳೆಗಳನ್ನು ತಿನ್ನುವುದು ದಾಖಲಾಗಿದೆ. ಹಾಗಂತ ಸಂಪು ಮುಚ್ಚದೆ, ಡ್ರಮ್ಮಿನ ನೀರು ಚೆಲ್ಲದೆ ಜೇಡದ ಮೇಲೆ ಭಾರ ಹಾಕಿ ಕೂರಬೇಡಿ.

ಟಿವಿ ಗೋಡೆಯ ನೆಗೆಯುವ ಜೇಡ ಮಕ್ಕಳಿಗೆ ಮೊದಲ ಪಾಠಕ್ಕೆ ಎಲ್ಲಕ್ಕಿಂತ ಚೆನ್ನ. ಉಳಿದ ಜೇಡಗಳನ್ನು ನಾವು ನೋಡುತ್ತೇವೆ; ಇದು ನಮ್ಮನ್ನೂ ನೋಡುತ್ತದೆ. ಎಂಟು ಕಣ್ಣಿನಲ್ಲಿ ಮುಂದಿನ ಎರಡು ಹೆಡ್‌ಲೈಟಿನಂತೆ ದೊಡ್ಡವು. ಬೆರಳನ್ನು ಒಂದು ಗೇಣು ದೂರದಲ್ಲಿ ಎಡಕ್ಕೆ ಬಲಕ್ಕೆ ಆಡಿಸಿದರೆ ಮೈ ತಿರುಗಿಸಿ ಹಿಂಬಾಲಿಸುತ್ತದೆ. ನೆಗೆಯುವ ಮುನ್ನ ಹೊಟ್ಟೆಯ ತುದಿಯನ್ನು ಗೋಡೆಗೆ ಒಮ್ಮೆ ತಾಗಿಸುವುದನ್ನು ಗಮನಿಸಿ. ಅಲ್ಲಿ ಒಂದು ಎಳೆ ಅಂಟಿಸುತ್ತದೆ. ಗುರಿ ತಪ್ಪಿದರೆ ಆ ಎಳೆ ಹಿಡಿದು ವಾಪಸ್ ಬರಲು. ಪ್ಲೆಕ್ಸಿಪಸ್ ಎಂಬ ನೆಗೆಯುವ ಜೇಡದ ಕಪ್ಪು-ಬಿಳಿ ಪಟ್ಟೆಯ ಗಂಡು ಸಿಕ್ಕಿದರೆ ಎದುರಿಗೆ ಪುಟ್ಟ ಕನ್ನಡಿ ಇಡಿ. ತನ್ನ ಬಿಂಬವನ್ನೇ ಎದುರಾಳಿ ಅಂದುಕೊಂಡು ಮುಂಗಾಲು ಎತ್ತಿ ಪೈಲ್ವಾನನಂತೆ ನಿಲ್ಲಬಹುದು. ಎರಡು ನಿಮಿಷ ಸಾಕು, ಆಮೇಲೆ ಕನ್ನಡಿ ತೆಗೆಯಿರಿ, ಪಾಪ.

ಹಿತ್ತಲಿಗೆ ಹೋಗೋಣ. ಎಕ್ಸ್ ಬರೆದ ಬಲೆಯದು ಆರ್ಜಿಯೋಪೆ, ಸಹಿ ಜೇಡ ಅಂತಲೂ ಕರೆಯುತ್ತಾರೆ. ನಮ್ಮ ಕಡೆ ಹೆಚ್ಚು ಕಾಣುವುದು ಆರ್ಜಿಯೋಪೆ ಅನಸುಜ. ತಲೆ ಕೆಳಗಾಗಿ, ಎಂಟು ಕಾಲನ್ನು ಎರಡೆರಡು ಜೋಡಿಸಿ, ಬಿಳಿ ಗೀಚಿನ ಗೆರೆಗೆ ಸರಿಯಾಗಿ ಇಟ್ಟುಕೊಂಡು ನಡುವೆ ಕೂತಿರುತ್ತದೆ. ಆ ಗೀಚು ಯಾಕೆ ಎಂಬುದು ವಿಜ್ಞಾನಿಗಳ ನಡುವೆ ಇನ್ನೂ ಮುಗಿಯದ ಜಗಳ. ನೇರಳಾತೀತ ಬೆಳಕಿನಲ್ಲಿ ಹೊಳೆದು ಹೂವಿನಂತೆ ಕೀಟಗಳನ್ನು ಸೆಳೆಯುತ್ತದೆ ಎಂದು ಕೆಲವರು, ಹಕ್ಕಿ ಬಲೆಗೆ ನುಗ್ಗದಂತೆ ಎಚ್ಚರಿಸುವ ಫಲಕ ಎಂದು ಕೆಲವರು, ಕೂತ ಜೇಡವನ್ನು ಮರೆಮಾಡಲು ಎಂದು ಇನ್ನು ಕೆಲವರು. ನಿಮ್ಮ ಮಗಳಿಗೆ ಇದರಲ್ಲಿ ಒಳ್ಳೆಯ ಕೆಲಸ ಇದೆ. ಎಕ್ಸ್‌ಗೆ ದಿನಾ ನಾಲ್ಕು ತೋಳು ಇರುವುದಿಲ್ಲ. ಒಂದು ದಿನ ಎರಡು, ಒಂದು ದಿನ ಒಂದೇ, ಒಂದು ದಿನ ಏನೂ ಇಲ್ಲ. ಮರಿಗಳಂತೂ ಎಕ್ಸ್ ಬಿಟ್ಟು ನಡುವೆ ದುಂಡಗೆ ಗೀಚಿರುತ್ತವೆ. ಸ್ಕೂಲಿಗೆ ಹೋಗುವ ಮುನ್ನ ಒಂದೇ ಬಲೆಯ ತೋಳು ಎಣಿಸಿ, ರಾತ್ರಿ ಮಳೆ ಬಂತೋ ಇಲ್ಲವೋ, ಹಿಂದಿನ ದಿನ ಬೇಟೆ ಸಿಕ್ಕಿತ್ತೋ ಎಂದು ಒಂದು ತಿಂಗಳು ಬರೆದಿಟ್ಟರೆ ಯಾವ ಪ್ರಾಜೆಕ್ಟೂ ಅದರ ಮುಂದೆ ನಿಲ್ಲುವುದಿಲ್ಲ. ಬಲೆಯ ಅಂಚಿನಲ್ಲಿ ಕಂದು ಬಣ್ಣದ ಸಣಕಲು ಜೇಡವೊಂದು ಕೂತಿದ್ದರೆ ಅದನ್ನು ಮರಿ ಎಂದು ಬರೆಯದಿರಲಿ. ಅದು ಗಂಡ.

ಈಗ ನಾನು ಬಹಳ ಇಷ್ಟಪಡುವ ವಿಷಯ. ಸಂಜೆ ಏಳಕ್ಕೆ ಚಹಾ ಮುಗಿಸಿ ಹಿತ್ತಲ ಬಾಗಿಲಲ್ಲಿ ಕೂತುಕೊಳ್ಳಿ. ಹಗಲು ಅಲ್ಲಿ ಏನೂ ಇರುವುದಿಲ್ಲ. ಕತ್ತಲು ಕವಿಯುತ್ತಿದ್ದಂತೆ ಕರಿಬೇವಿನ ಒಣ ಎಲೆಯ ಮರೆಯಿಂದ ನಿಯೋಸ್ಕೋನಾ ಎಂಬ ದುಂಡು ಹೊಟ್ಟೆಯ ಕಂದು ಜೇಡ ಹೊರಗೆ ಬರುತ್ತದೆ. ಮೊದಲು ಗಾಳಿಗೆ ಒಂದು ಎಳೆ ತೇಲಿಬಿಡುತ್ತದೆ. ಅದು ಬಟ್ಟೆ ಒಣಹಾಕುವ ತಂತಿಗೋ ದಾಸವಾಳದ ಕೊಂಬೆಗೋ ಸಿಕ್ಕಿಕೊಂಡಿತು ಎಂದು ಗೊತ್ತಾದ ತಕ್ಷಣ ಎಳೆದು ಬಿಗಿಮಾಡಿ, ಅದರ ಮೇಲೆ ಇನ್ನೊಂದು ಎಳೆ ಸೇರಿಸುತ್ತಾ ದಾಟುತ್ತದೆ. ಸೇತುವೆ ಆಯಿತು. ಅದರ ನಡುವಿನಿಂದ ಕೆಳಗಿಳಿದು ಇಂಗ್ಲಿಷ್ ವೈ ಆಕಾರ ಮಾಡುತ್ತದೆ. ಆಮೇಲೆ ನಡುವಿನಿಂದ ಸುತ್ತಲಿಗೆ ಗಾಡಿ ಚಕ್ರದ ಅರೆಕಾಲುಗಳಂತೆ ಒಂದೊಂದೇ ಎಳೆ. ಪ್ರತಿ ಎಳೆ ಹಾಕಿದ ಮೇಲೂ ನಡುವೆ ಬಂದು ಕಾಲಿನಿಂದ ಮೀಟಿ ನೋಡುತ್ತದೆ, ಸಡಿಲ ಇರುವ ಕಡೆ ಮುಂದಿನ ಎಳೆ. ಅರೆಕಾಲು ಮುಗಿದ ಮೇಲೆ ಒಳಗಿನಿಂದ ಹೊರಕ್ಕೆ ವಿರಳವಾಗಿ ಒಂದು ಸುರುಳಿ ಸುತ್ತುತ್ತದೆ. ಇದಕ್ಕೆ ಅಂಟು ಇಲ್ಲ. ಮನೆ ಕಟ್ಟುವಾಗ ಗಾರೆಯವರು ನಿಲ್ಲಿಸುವ ಸಾರುವೆ ಇದ್ದ ಹಾಗೆ. ಕಡೆಯದಾಗಿ ಹೊರಗಿನಿಂದ ಒಳಕ್ಕೆ ಅಂಟಿನ ಸುರುಳಿ. ಹಿಂಗಾಲಿನಿಂದ ನೂಲು ಎಳೆಯುವುದು, ಅರೆಕಾಲಿಗೆ ಚಿಟುಕ್ಕನೆ ಅಂಟಿಸುವುದು, ಸಾರುವೆಯನ್ನು ಕತ್ತರಿಸಿ ತಿನ್ನುತ್ತಾ ಒಳಗೆ ಸರಿಯುವುದು. ಒಂದು ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಬೆಳಗಿನ ಜಾವ ಆ ಬಲೆಯನ್ನೇ ಸುರುಟಿ ತಿಂದುಬಿಡುತ್ತದೆ. ನೂಲಿನ ಪ್ರೋಟೀನು ಮರುದಿನದ ನೂಲಿಗೆ. ನೀವು ಎದ್ದು ಬಚ್ಚಲ ಒಲೆ ಹಚ್ಚುವ ಹೊತ್ತಿಗೆ ಒಂದೇ ಒಂದು ಸೇತುವೆ ಎಳೆ ಉಳಿದಿದ್ದರೆ ಹೆಚ್ಚು.

ನೋಡುವಾಗ ಟಾರ್ಚನ್ನು ನೇರ ಜೇಡದ ಮೇಲೆ ಬಿಡಬೇಡಿ, ಬಲೆಯ ಪಕ್ಕದಿಂದ ಹಿಡಿಯಿರಿ, ಎಳೆಗಳು ತಾವೇ ಹೊಳೆಯುತ್ತವೆ. ಫೋಟೊಗಾಗಿ ಬಲೆಗೆ ಹಿಟ್ಟು ಉದುರಿಸುವವರಿದ್ದಾರೆ. ಅದು ಬೇಡ, ಅಂಟು ಕೆಟ್ಟು ಅವತ್ತಿನ ಊಟ ತಪ್ಪುತ್ತದೆ. ಬೆಳಗಿನ ಇಬ್ಬನಿಗೆ ಕಾಯುವುದು ಚೆಂದ. ಸ್ಕೂಲಿನ ಲ್ಯಾಬಿನಿಂದ ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ತರಲು ಸಾಧ್ಯವಾದರೆ ಬಡಿದು ಬಲೆಯ ಅಂಚಿಗೆ ತಾಗಿಸಿ. ನೊಣ ಬಿತ್ತೆಂದು ಜೇಡ ಓಡಿಬರುವುದನ್ನು 1880ರಲ್ಲೇ ಸಿ.ವಿ. ಬಾಯ್ಸ್ ಎಂಬ ಇಂಗ್ಲೆಂಡಿನ ಭೌತವಿಜ್ಞಾನಿ ತನ್ನ ತೋಟದ ಜೇಡದ ಮೇಲೆ ಪರೀಕ್ಷಿಸಿ ಬರೆದಿದ್ದ.

ರಾತ್ರಿ ಹಿತ್ತಲಲ್ಲಿ ಇನ್ನೊಂದು ಆಟ ಇದೆ. ಟಾರ್ಚನ್ನು ಕೈ ಕೆಳಗೆ ಇಳಿಬಿಡದೆ ಹುಬ್ಬಿನ ಪಕ್ಕಕ್ಕೆ ಹಿಡಿದು ಹುಲ್ಲಿನ ಮೇಲೆ ಬೆಳಕು ಹಾಯಿಸಿ. ಇಬ್ಬನಿಯಂತೆ ಹಸಿರು-ಬಿಳಿಯಾಗಿ ಮಿನುಗಿದರೆ ಅದು ತೋಳ ಜೇಡದ ಕಣ್ಣು; ದನದ ಕಣ್ಣು ರಾತ್ರಿ ಹೊಳೆದಂತೆ. ಹತ್ತಿರ ಹೋಗಿ ನೋಡಿ, ಬೆನ್ನ ಮೇಲೆ ಹತ್ತಾರು ಮರಿ ಹೊತ್ತ ತಾಯಿ ಸಿಕ್ಕಿದರೆ ನಿಮ್ಮ ಅದೃಷ್ಟ. ಇದರ ಬಂಧುಗಳೇ ನಮ್ಮ ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳುವಿನ ಕಾವಲುಗಾರರು. ನಾಟಿಯಾದ ಸ್ವಲ್ಪ ದಿನಕ್ಕೇ ಎಲ್ಲ ಹುಳವೂ ಸಾಯುವಂಥ ಔಷಧಿ ಹೊಡೆದರೆ ಮೊದಲು ಸಾಯುವವು ಇವು, ಆಮೇಲೆ ಜಿಗಿಹುಳು ಮೊದಲಿಗಿಂತ ಜೋರಾಗಿ ಏಳುತ್ತದೆ. ಹಳ್ಳಿ ಕಡೆ ನೆಂಟರಿದ್ದರೆ ಈ ಮಾತು ದಾಟಿಸಿ.

ತೆಂಗಿನ ಬೊಡ್ಡೆಯನ್ನೂ ಮಾವನ್ನೂ ಮರೆಯಬೇಡಿ. ಬೊಡ್ಡೆಯ ಮೇಲೆ ತೊಗಟೆಯದೇ ಬಣ್ಣದಲ್ಲಿ, ಹಿಂದೆ ಎರಡು ಉದ್ದನೆ ಬಾಲ ಇರುವ ಹರ್ಸಿಲಿಯಾ ಎಂಬ ಜೇಡ ಸಿಗಬಹುದು. ಬಾಲದಂತೆ ಕಾಣುವವು ನೂಲು ಬಿಡುವ ಅಂಗಗಳು. ಇರುವೆ ಬಂದರೆ ಅದರ ಸುತ್ತ ಗಾಣದ ಎತ್ತಿನಂತೆ ಸುತ್ತಿ ಸುತ್ತಿ ಕಟ್ಟಿಹಾಕುತ್ತದೆ. ಮಾವಿನಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ ಇದ್ದರೆ ಸಾಲಿನಲ್ಲಿ ಒಂದೊಂದನ್ನೂ ಅನುಮಾನದಿಂದ ನೋಡಿ. ಬೆರಳು ಒಡ್ಡಿದಾಗ ನೂಲು ಬಿಟ್ಟು ಜೋತು ಬಿದ್ದರೆ ಅದು ಇರುವೆಯ ವೇಷದ ಜೇಡ. ಮುಂದಿನ ಎರಡು ಕಾಲನ್ನು ಮೀಸೆಯಂತೆ ಆಡಿಸುತ್ತಾ ಆರು ಕಾಲಿನಲ್ಲಿ ನಡೆದು ಎಲ್ಲರನ್ನೂ ಏಮಾರಿಸುತ್ತದೆ.

ಭಾನುವಾರ ಜಗಳೂರು ಕಡೆಗೋ ಚಿತ್ರದುರ್ಗದ ಜೋಗಿಮಟ್ಟಿ ಕಡೆಗೋ ಹೋಗುವುದಿದ್ದರೆ ದಾರಿಬದಿಯ ಜಾಲಿ, ಮುಳ್ಳುಬೇಲಿ ನೋಡುತ್ತಾ ಹೋಗಿ. ಕೊಳೆಯಾದ ಹತ್ತಿಯ ಉಂಡೆಯಂತೆ, ಒಣ ಎಲೆ, ಹುಳದ ರೆಕ್ಕೆ ಎಲ್ಲ ಸೇರಿಕೊಂಡ ಗೂಡು, ಅದರಿಂದ ಸುತ್ತ ಚಾಚಿದ ಹಾಳೆಯಂಥ ಬಲೆ ಕಂಡರೆ ಗಾಡಿ ನಿಲ್ಲಿಸಿ. ಜೇಡ ಅಂದರೆ ಒಂಟಿ ಪ್ರಾಣಿ, ಜತೆಯವನನ್ನೇ ತಿನ್ನುವ ಜಾತಿ; ಅದಕ್ಕೆ ಅಪವಾದ ಇಲ್ಲಿದೆ. ಸ್ಟೆಗೊಡೈಫಸ್ ಸರಸಿನೋರಮ್ ಎಂಬ ಈ ಜೇಡಗಳು ಹತ್ತಾರು, ಕೆಲವೊಮ್ಮೆ ನೂರಾರು ಒಟ್ಟಿಗೆ ಬಾಳುತ್ತವೆ, ದೊಡ್ಡ ಮಿಡತೆ ಸಿಕ್ಕಿಬಿದ್ದರೆ ಗುಂಪಾಗಿ ಎಳೆಯುತ್ತವೆ. ಗಂಡುಗಳು ತೀರಾ ಕಡಿಮೆ. ತಾಯಂದಿರು ಮೊದಲು ತಾವು ತಿಂದದ್ದನ್ನು ಕಕ್ಕಿ ಮರಿಗಳಿಗೆ ಉಣಿಸುತ್ತವೆ, ಕಡೆಗೆ ತಮ್ಮನ್ನೇ ತಿನ್ನಲು ಬಿಡುತ್ತವೆ. ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದಾಗ ಇದನ್ನು ವಿವರಿಸಿದೆ. ಹಿಂದಿನ ಸಾಲಿನ ಒಬ್ಬ ಹುಡುಗ ಮಧ್ಯಾಹ್ನದ ಬುತ್ತಿ ಬಿಚ್ಚಲೇ ಇಲ್ಲ.

ವಿಷದ ಪ್ರಶ್ನೆ ಉಳಿದಿದೆ. ಬಹುತೇಕ ಎಲ್ಲ ಜೇಡಕ್ಕೂ ವಿಷ ಇದೆ, ನೊಣ ಸಾಯುವಷ್ಟು. ಅದರ ಹಲ್ಲು ನಮ್ಮ ಚರ್ಮ ದಾಟುತ್ತದೆಯೇ, ದಾಟಿದರೆ ಆ ಪ್ರಮಾಣ ನಮಗೆ ಏನಾದರೂ ಮಾಡುತ್ತದೆಯೇ ಎಂಬುದಷ್ಟೇ ಪ್ರಶ್ನೆ. ನೀವು ಬರೆದ ನಾಲ್ಕರಲ್ಲಿ ಭಯಪಡುವಂಥದ್ದು ಒಂದೂ ಇಲ್ಲ. ದೂರ ಇರಬೇಕಾದವು ಎರಡು. ಕಲ್ಲುಗುಡ್ಡದ ಬಿಲಗಳಲ್ಲಿ, ಮರದ ಪೊಟರೆಗಳಲ್ಲಿ ಇರುವ ರೋಮದ ದೊಡ್ಡ ಜೇಡ, ಟರಂಟುಲಾ. ಬಿಲಕ್ಕೆ ಕಡ್ಡಿ ಹಾಕಬೇಡಿ, ಅಷ್ಟೆ. ಇನ್ನೊಂದು ಕಂದು ವಿಡೋ ಜೇಡ. ಪ್ಲಾಸ್ಟಿಕ್ ಕುರ್ಚಿಯ ಅಡಿ, ಹೂಕುಂಡದ ಅಂಚು, ಗೇಟಿನ ಸಂದಿಯಂಥ ಜಾಗದಲ್ಲಿ ಅಡ್ಡಾದಿಡ್ಡಿ ಬಲೆ ಕಟ್ಟುತ್ತದೆ. ಅದರ ಮೊಟ್ಟೆಚೀಲದ ಮೈತುಂಬ ಸಣ್ಣ ಮುಳ್ಳು ಇರುತ್ತವೆ, ದತ್ತೂರಿ ಕಾಯಿಯನ್ನು ಕಡಲೆಕಾಳಿನಷ್ಟು ಚಿಕ್ಕದು ಮಾಡಿದಂತೆ. ಅಂಥ ಚೀಲ ಕಂಡರೆ ಮಗಳು ಅಲ್ಲಿಗೆ ಕೈ ಹಾಕದಿರಲಿ. ಮತ್ತೆ, ಕಚ್ಚಿದ ಜೇಡವನ್ನು ಕಣ್ಣಾರೆ ನೋಡದೆ ಯಾವ ಗಾಯವನ್ನೂ ಜೇಡದ ಲೆಕ್ಕಕ್ಕೆ ಬರೆಯಬೇಡಿ. ಬಾವು ಏರುತ್ತಾ ಹೋದರೆ, ಜ್ವರ ಬಂದರೆ, ಕಾರಣ ಯಾವುದಾದರೂ ಡಾಕ್ಟರಿಗೆ ತೋರಿಸಿ. ಗೋಡೆಯ ಮೇಲಿನ ಬಿಳಿ ಜೇಡರ ಹಾಳೆಯನ್ನು ಕಿತ್ತು ಗಾಯಕ್ಕೆ ಅಂಟಿಸುವ ರೂಢಿ ನಮ್ಮ ಚಿಕ್ಕಂದಿನಲ್ಲಿತ್ತು. ಅದರ ಜತೆ ಗೋಡೆಯ ಧೂಳೂ ಗಾಯಕ್ಕೆ ಹೋಗುತ್ತದೆ, ಅದನ್ನು ಮಾಡಬೇಡಿ.

ಔಷಧಿ ಹೊಡೆಸಬೇಡಿ. ಗೋಡೆಗೆ ಬಳಿದ ಔಷಧಿ ಗೋಡೆಯ ಮೇಲೆ ಓಡಾಡುವ ಹುಳಕ್ಕೆ ತಾಗುತ್ತದೆ, ಗಾಳಿಯಲ್ಲಿ ತೂಗುವ ಬಲೆಯ ಜೇಡಕ್ಕೆ ತಾಗುವುದು ಕಡಿಮೆ. ಜೇಡ ಕಡಿಮೆ ಆಗಬೇಕಾದರೆ ಅದರ ಊಟ ಕಡಿಮೆ ಆಗಬೇಕು. ರಾತ್ರಿ ಹಿತ್ತಲ ಲೈಟನ್ನು ಸುಮ್ಮನೆ ಉರಿಯಬಿಡಬೇಡಿ. ಹುಳ ಬರುವುದು ಅದಕ್ಕೆ, ಹುಳದ ಹಿಂದೆ ಜೇಡ. ಕುತ್ತಿಗೆ ಸುಟ್ಟ ಆ ದುಂಬಿಯೂ ಬರುವುದು ಆ ಬೆಳಕಿಗೇ. ಇನ್ನು ಕಸಬರಿಗೆಯ ವಿಷಯದಲ್ಲಿ ಅತ್ತೆಯವರ ಜತೆ ಒಂದು ಒಪ್ಪಂದ ಮಾಡಿಕೊಳ್ಳಿ. ಧೂಳು, ಹೊಗೆ ಹಿಡಿದು ಇಲ್ಲಣವಾಗಿ ಜೋತಾಡುವ ಬಲೆಯಲ್ಲಿ ಜೇಡ ಇರುವುದು ಕಡಿಮೆ, ಅದು ಬಿಟ್ಟುಹೋದ ಮನೆ. ಅದೆಲ್ಲ ಅವರ ಪಾಲು. ಬೆಳಕಿಗೆ ಹೊಳೆಯುವ ಹೊಸ ಬಲೆ ಮೊಮ್ಮಗಳ ಪಾಲು, ಅಡಿಗೆಮನೆ ಮತ್ತು ದೇವರಮನೆ ಬಿಟ್ಟು. ನಮ್ಮ ಮನೆಯಲ್ಲಿ ಈ ಒಪ್ಪಂದ ದೀಪಾವಳಿಯ ಹಿಂದಿನ ವಾರ ಒಂದು ಸಲ ಮುರಿಯುತ್ತದೆ, ಉಳಿದಂತೆ ನಡೆದುಕೊಂಡು ಬಂದಿದೆ.

ನೋಟ್‌ಬುಕ್ಕಿಗೆ ಒಂದೆರಡು ಮಾತು. "ಜೇಡ ಸತ್ತಿದೆ" ಎಂದು ಬರೆಯುವ ಮುನ್ನ ಊದಿ ನೋಡಲಿ. ಜೇಡ ಕಾಲು ಚಾಚುವುದು ಒಳಗಿನ ದ್ರವದ ಒತ್ತಡದಿಂದ. ಸತ್ತರೆ ಒತ್ತಡ ಹೋಗಿ ಕಾಲುಗಳೆಲ್ಲ ಮುಷ್ಟಿಯಂತೆ ಒಳಕ್ಕೆ ಮಡಚಿಕೊಳ್ಳುತ್ತವೆ. ಕಾಲು ಚಾಚಿಕೊಂಡೇ, ಬೆನ್ನಿನ ಮುಚ್ಚಳ ಡಬ್ಬಿಯಂತೆ ತೆರೆದುಕೊಂಡು, ಊದಿದರೆ ತರಗಿನಂತೆ ಅಲ್ಲಾಡಿದರೆ ಅದು ಬಿಟ್ಟ ಪೊರೆ. ಒಡೆಯ ಪಕ್ಕದಲ್ಲೇ ಎಲ್ಲೋ ದೊಡ್ಡದಾಗಿ ಕೂತಿದ್ದಾನೆ. ಮುಖದ ಮುಂದಿನ ಎರಡು ಸಣ್ಣ ಕೈಗಳ ತುದಿ ಬಾಕ್ಸಿಂಗ್ ಗ್ಲೌಸ್ ಹಾಕಿದಂತೆ ಉಬ್ಬಿದ್ದರೆ ಬೆಳೆದ ಗಂಡು. ಕಿಟಕಿಯ ಚೌಕಟ್ಟಿನಲ್ಲಿ ಮಣ್ಣಿನ ಕೊಳವೆಯಂಥ ಕಡಜದ ಗೂಡು ಇದ್ದು, ಗೋಡೆಗೆ ಬಣ್ಣ ಹೊಡೆಸುವಾಗ ಅದು ಒಡೆದರೆ ಒಳಗೆ ನೋಡಲು ಮರೆಯದಿರಲಿ. ಒತ್ತೊತ್ತಾಗಿ ಹತ್ತು-ಹದಿನೈದು ಜೇಡ ತುಂಬಿರಬಹುದು, ಸತ್ತಿರುವುದಿಲ್ಲ, ಕಡಜ ಚುಚ್ಚಿ ಮರಗಟ್ಟಿಸಿ ತನ್ನ ಮರಿಗೆ ಇಟ್ಟ ಬುತ್ತಿ ಅದು. ಭ್ರಮರ ಕೀಟವನ್ನು ಕುಟುಕಿ ಕುಟುಕಿ ತನ್ನಂತೆಯೇ ಮಾಡಿಕೊಳ್ಳುತ್ತದೆ ಎಂಬ ಭ್ರಮರಕೀಟ ನ್ಯಾಯ ಹುಟ್ಟಿದ್ದು ಇಂಥ ಗೂಡು ನೋಡಿಯೇ ಇರಬೇಕು. ಒಳಗೆ ಹೋದದ್ದು ಜೇಡವೋ ಹುಳವೋ, ಹೊರಗೆ ಬಂದದ್ದು ಕಡಜ, ನಡುವೆ ಏನಾಯಿತು ಎಂದು ಒಡೆದು ನೋಡಿದವರಿಲ್ಲ.

ಬಚ್ಚಲಿನ ತಾಯಿಯ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಬಿಲ್ಲೆ ಈಗಾಗಲೇ ಕಂಡಿದೆ ಅಂದರೆ ಕೆಲವೇ ವಾರದಲ್ಲಿ ಮರಿ ಹೊರಬರುತ್ತವೆ. ಬಿಲ್ಲೆ ಬಿಳಿಯಿಂದ ಮಾಸಲು ಬಣ್ಣಕ್ಕೆ ತಿರುಗಿದೆಯೇ ಎಂದು ದಿನಾ ರಾತ್ರಿ ಬರೆದಿಡಲಿ, ಕೈ ಹಾಕದೆ. ಮರಿ ಒಡೆದ ರಾತ್ರಿ ಗೋಡೆಯ ತುಂಬ ಎಳ್ಳು ಚೆಲ್ಲಿದಂತೆ ಕಾಣುತ್ತದೆ. ಅತ್ತೆಯವರಿಗೆ ಮೊದಲೇ ಹೇಳಿಟ್ಟಿರಿ. ಎರಡು ದಿನ ಬಚ್ಚಲಿನ ಕಿಟಕಿ ತೆರೆದಿಟ್ಟು, ಮೂರನೇ ದಿನ ಗೋಡೆಯ ಮೇಲೆ ಎಷ್ಟು ಉಳಿದಿವೆ ಎಂದು ಎಣಿಸಿ ನನಗೆ ಬರೆಯಿರಿ.